ಶುಕ್ರವಾರದ ಸುಳ್ಳು

ಕೊನೆಯ ಹಿಡಿ ಮಣ್ಣು ಹಾಕಿ ಒಕ್ತಾವ್ ಕೈ ಝಾಡಿಸಿಕೊಳ್ಳುತ್ತಿದ್ದಾಗ ಸ್ಮಶಾನದ ಗೇಟಿನ ಬಳಿ ಯಾರೋ ಗಟ್ಟಿಯಾಗಿ ನಕ್ಕರು. ಪಾದ್ರಿಯೂ ತಲೆಯೆತ್ತಿ ನೋಡಿದರು. ಹಳದಿ ಸ್ಕಾರ್ಫಿನ ಒಬ್ಬ ಹೆಂಗಸು ಮತ್ತು ಬೆಳ್ಳಗಿನ ಗಡ್ಡದ ಒಬ್ಬ ಭಾರೀ ಆಳು, ಎಷ್ಟೋ ವರ್ಷಕ್ಕೆ ಸಿಕ್ಕ ಅಕ್ಕ ತಮ್ಮಂದಿರ ಹಾಗೆ ತಬ್ಬಿಕೊಂಡು ನಿಂತಿದ್ದರು.

"ಮುಳ್ಳುಹಂದಿ ಅಂದ್ರೆ ನೀವೇನಾ? ನಾನು ಯಾರೋ ನರಪೇತಲ ಹುಡುಗ ಅಂದ್ಕೊಂಡಿದ್ದೆ" ಎನ್ನುತ್ತಿದ್ದಳು ಹೆಂಗಸು.

ಒಕ್ತಾವನ ತಂಗಿ ಅಗ್ಲಾಯಾ ಅವನ ತೋಳು ಚಿವುಟಿದಳು. "ಯಾರೋ ಇವ್ರು? ಸಾವಿಗೆ ಬಂದಿದಾರೋ, ಮದುವೆಗೆ ಬಂದಿದಾರೋ?"

ಒಕ್ತಾವನಿಗೆ ಗೊತ್ತಾಗಿತ್ತು. ಬುಧವಾರ ಬೆಳಿಗ್ಗೆ ಅವನ ಹೆಂಡತಿ ಸಾಬಿನಾ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದಳು. ಎದುರಿಗೆ ಕಂಪ್ಯೂಟರಿನಲ್ಲಿ ಅವಳ ಬ್ಲಾಗು ತೆರೆದೇ ಇತ್ತು. ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು ಎಂದು ತಿಳಿಯದೆ ಅವನು ಒಂದೊಂದೇ ಅಕ್ಷರ ಹುಡುಕಿ ಅದರಲ್ಲಿ ಬರೆದಿದ್ದ: 'ಸಾಬಿನಾ ಇನ್ನಿಲ್ಲ. ಶುಕ್ರವಾರ ಬ್ರೈಲಾದಲ್ಲಿ ಮಣ್ಣು.' ಅದನ್ನು ಓದಿ ಯಾರಾದರೂ ರೈಲು ಹತ್ತಿ ಬರುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅವರಿಬ್ಬರೂ ಹತ್ತಿರ ಬರುವ ಹೊತ್ತಿಗೆ ತಾವೆಲ್ಲಿದ್ದೇವೆ ಎನ್ನುವುದು ನೆನಪಾಗಿ ಮುಖ ಕೆಂಪಾಗಿತ್ತು. ಗಡ್ಡದವನು ಟೆಯೋಫಿಲ್, ಸುಚಾವಾದಲ್ಲಿ ದನದ ಡಾಕ್ಟರು; ಸಾಬಿನಾಳ ಬ್ಲಾಗಿನಲ್ಲಿ ಅವನ ಹೆಸರು ಮುಳ್ಳುಹಂದಿ. ಹೆಂಗಸು ಇಲ್ದಿಕೊ, ಕ್ಲೂಜಿನಲ್ಲಿ ಟೋಪಿ ಹೊಲಿಯುವವಳು. ಆರು ವರ್ಷದಿಂದ ಆ ಬ್ಲಾಗಿನಲ್ಲಿ ವಾರವಾರ ತಮಗೆ ಮೆಚ್ಚಿನದನ್ನು ಒಬ್ಬರಿಗೊಬ್ಬರು ಹೇಳಿಕೊಂಡಿದ್ದರೂ ಇವತ್ತಿನವರೆಗೆ ಮುಖ ನೋಡಿರಲಿಲ್ಲ. ಟೆಯೋಫಿಲ್ ಏನೋ ಹೇಳಲು ಬಾಯಿ ತೆರೆದು, ಅಳು ಬಂದು ಒಕ್ತಾವನ ಭುಜಕ್ಕೆ ಒರಗಿದ. ಬೇರೆಯವರನ್ನು ಸಮಾಧಾನ ಮಾಡುವ ಕೆಲಸ ಸಿಕ್ಕಿದ್ದು ಒಕ್ತಾವನಿಗೆ ಒಂದು ಬಗೆಯಲ್ಲಿ ಹಗುರವೆನಿಸಿತು.

*

ಸಾಬಿನಾ ನದೀಬಂದರಿನ ಟೆಲಿಫೋನ್ ಕಚೇರಿಯಲ್ಲಿದ್ದವಳು. ಊರೆಲ್ಲರ ಮಾತಿಗೆ ತಂತಿ ಜೋಡಿಸಿದಳು, ತಾನು ಮಾತ್ರ ಮಧ್ಯೆ ಬಾಯಿ ಹಾಕುವಂತಿರಲಿಲ್ಲ. ನಿವೃತ್ತಿಯಾದ ಮೇಲೆ ಬ್ಲಾಗು ಶುರು ಮಾಡಿದಾಗ ಆ ಬಾಕಿಯನ್ನೆಲ್ಲ ತೀರಿಸಿಕೊಳ್ಳುವವಳಂತೆ ಬರೆದಳು. ಮೆಚ್ಚಿನ ಬಣ್ಣ, ಮೆಚ್ಚಿನ ವಾಸನೆ, ಮೆಚ್ಚಿನ ಬೆಂಚು. ಅವಳು ಕೇಳುವಳು, ಉಳಿದವರು ಹೇಳುವರು.

ಒಕ್ತಾವ್ ಅದರ ಗೋಜಿಗೆ ಹೋದವನಲ್ಲ. ಅವನಿಗೆ ಅವನ ಕ್ಲಾರಿನೆಟ್ ಇತ್ತು. ಅದನ್ನು ಅವನು ಕಲಿತದ್ದು ಅರವತ್ತು ದಾಟಿದ ಮೇಲೆ, ಅದೂ ಒಂದೇ ಒಂದು ಮದುವೆ ಹಾಡು. ಅವನು ಅದನ್ನು ಕೈಗೆತ್ತಿಕೊಂಡ ಕೂಡಲೇ ಸಾಬಿನಾ ಎದ್ದು ಬಂದು ಕಿಟಕಿ ಮುಚ್ಚುತ್ತಿದ್ದಳು, ಸೆಕೆಗಾಲದಲ್ಲೂ. ಕೆಳಗಿನ ಮನೆಯ ಪಾಂಡೆಲೆ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ, ನಿನ್ನ ಹೆಂಡತಿ ಪುಣ್ಯವಂತೆ, ನಮ್ಮ ಕಿವಿ ಉಳಿಸಿದಳು ಎನ್ನುತ್ತಿದ್ದ. ಒಕ್ತಾವ್ ನಗುತ್ತಿದ್ದ. ಒಳಗೆ ಚುಚ್ಚುತ್ತಿತ್ತು.

ಮಂಗಳವಾರ ಸಂಜೆ ಅವಳು ಟೈಪು ಮಾಡುತ್ತಾ ತನ್ನಷ್ಟಕ್ಕೆ ಕಿಸಿಕಿಸಿ ನಗುತ್ತಿದ್ದಳು. ಏನೇ ಅದು ಎಂದು ಅವನು ಕೇಳಿದ್ದ.

"ಶುಕ್ರವಾರ ಹೇಳ್ತೀನಿ ಬಿಡು."

*

ಮನೆಯಲ್ಲಿ ಅಗ್ಲಾಯಾ ಮೇಜು ಸಜ್ಜು ಮಾಡಿದ್ದಳು. ಸತ್ತವರಿಗೆ ಏನು ಇಷ್ಟವಿತ್ತೋ ಅದನ್ನು ಬದುಕಿರುವವರ ಕೈಗೆ ಕೊಡಬೇಕು, ಆಗಲೇ ಅದು ಅವರಿಗೆ ಪರಲೋಕದಲ್ಲಿ ಸಿಗುವುದು ಎನ್ನುವುದು ಊರಿನ ನಂಬಿಕೆ. ಕೊಡದೆ ಬಿಟ್ಟರೆ ಅಲ್ಲಿ ಬರಿಗೈ. ನೆರೆಯವರು ಒಬ್ಬೊಬ್ಬರಾಗಿ ಬಂದು ಗೋಧಿ ಸಿಹಿಯ ತಟ್ಟೆ, ಅದರ ಮೇಲೊಂದು ಮೇಣದಬತ್ತಿ ಇಸಿದುಕೊಂಡು "ಅವಳಿಗೆ ಮುಟ್ಟಲಿ" ಎಂದು ಹೇಳಿ ಹೋಗುತ್ತಿದ್ದರು. ಪಾಂಡೆಲೆಯೂ ಟೋಪಿ ತೆಗೆದು ಹಾಗೇ ಹೇಳಿ, ತಟ್ಟೆ ಹಿಡಿದು ಕೆಳಗಿನ ಬೆಂಚಿಗೆ ಹೋದ. ಮೇಜಿನ ನಟ್ಟನಡುವೆ ಅಗ್ಲಾಯಾ ತನ್ನ ಹಸಿ ಆಕ್ರೋಟಿನ ಮುರಬ್ಬ ಇಟ್ಟಿದ್ದಳು. ಊರಿನಲ್ಲಿ ಅದಕ್ಕೆ ಹೆಸರಿತ್ತು, ಅವಳಿಗೆ ಅದರ ಜಂಬವೂ ಇತ್ತು.

ಊಟದ ನಡುವೆ ಟೆಯೋಫಿಲ್ ತಡೆಯಲಾರದೆ ವಿಷಯ ಎತ್ತಿದ. ಪ್ರತಿ ಮಂಗಳವಾರ ಸಾಬಿನಾ ಬ್ಲಾಗಿನಲ್ಲಿ ತನಗೆ ಮೆಚ್ಚಿನ ನಾಲ್ಕು ಸಂಗತಿ ಬರೆಯುವಳಂತೆ. ಮೂರು ನಿಜ, ಒಂದು ಸುಳ್ಳು. ಯಾವುದು ಸುಳ್ಳೆಂದು ಎಲ್ಲರೂ ಜಗಳವಾಡುವುದು, ಶುಕ್ರವಾರ ಅವಳೇ ಬಯಲು ಮಾಡುವುದು. ಈ ವಾರದ ಉತ್ತರ ಅವಳ ಜೊತೆಗೇ ಹೋಗಿಬಿಟ್ಟಿತ್ತು.

"ನಿದ್ದೆ ಬರ್ತಿಲ್ಲ ಯಜಮಾನ್ರೇ. ರೈಲಿನಲ್ಲೂ ಅದೇ ಯೋಚ್ನೆ. ನಿಮಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ?"

ಇಲ್ದಿಕೊ ಫೋನು ತೆಗೆದು ಓದಿದಳು. ಬೀರುವಿನ ಮೇಲಿಟ್ಟ ಸೀಮೆದಾಳಿಂಬೆ ಹಣ್ಣಿನ ವಾಸನೆ. ನಿನ್ನೆಯ ಎಲೆಕೋಸಿನ ಸುರುಳಿಯನ್ನು ಬೆಳಿಗ್ಗೆ ಪಾತ್ರೆಯಿಂದಲೇ ತಣ್ಣಗೆ ತಿನ್ನುವುದು. ನಾದಿನಿಯ ಆಕ್ರೋಟು ಮುರಬ್ಬ. ಅವಳ ದನಿ ತುಸು ತಗ್ಗಿತು. "ಒಕ್ತಾವ್ ಕ್ಲಾರಿನೆಟ್ ಊದುವಾಗ ಕಿಟಕಿ ಮುಚ್ಚಿಕೊಂಡು ಕೇಳುವುದು. ಅದರಲ್ಲಿ ಬೀದಿಯವರಿಗೆ ಪಾಲು ಕೊಡಲು ನನಗೆ ಮನಸ್ಸಿಲ್ಲ."

ಅಗ್ಲಾಯಾಳ ಮುಖ ಅರಳಿತು. ಮುರಬ್ಬ ನಿಜವೇ ನಿಜ, ಅದಕ್ಕೆ ತಾನೇ ಸಾಕ್ಷಿ ಎಂದಳು. "ಪ್ರತಿ ವರ್ಷ ಕೇಳಿ ಇಸ್ಕೊಳ್ತಿದ್ಲು, ಪಾಪ. ಖಾಲಿ ಬಾಟ್ಲಿ ಮಾತ್ರ ಒಂದೂ ವಾಪಸ್ ಬರ್ಲಿಲ್ಲ. ಕೈಜಾರಿ ಒಡೆದೆ ಅಂತಿದ್ಲು."

ಒಕ್ತಾವ್ ತುತ್ತನ್ನು ತಟ್ಟೆಗೇ ಇಳಿಸಿ ಒಂದೊಂದನ್ನೇ ಲೆಕ್ಕ ಹಾಕಿದ. ಸೀಮೆದಾಳಿಂಬೆ ತಂದು ಬೀರುವಿನ ಮೇಲೆ ಸಾಲಾಗಿ ಇಡುತ್ತಿದ್ದವನು ಅವನೇ. ಬೆಳಿಗ್ಗೆ ಪಾತ್ರೆಯ ಮುಂದೆ ನಿಂತವಳನ್ನು ಕಣ್ಣಾರೆ ಕಂಡಿದ್ದ. ಮುರಬ್ಬಕ್ಕೆ ಸಾಕ್ಷಿ ಸಿಕ್ಕಾಯಿತು. ಉಳಿದದ್ದು ಒಂದೇ. ಮಂಗಳವಾರದ ಆ ಕಿಸಿಕಿಸಿ ಯಾತಕ್ಕೆಂದು ಈಗ ತಿಳಿಯಿತು. ಇಷ್ಟು ವರ್ಷ ಜೊತೆಗಿದ್ದು, ಕೊನೆಗೆ ಅವಳ ತಮಾಷೆಗೆ ತಾನೇ ವಸ್ತುವಾದೆ ಎಂದು ಅವನಿಗೆ ಹೆಂಡತಿ ಸತ್ತದ್ದಕ್ಕಿಂತ ಬೇರೆಯದೇ ಒಂದು ಸಂಕಟವಾಯಿತು. ತಟ್ಟೆ ಸಾಲದು, ತರುತ್ತೇನೆ ಎಂದು ಹೇಳಿ ಎದ್ದ.

ಉಗ್ರಾಣದಲ್ಲಿ ಹಳೆಯ ತಟ್ಟೆಗಳು ಮೇಲಿನ ಹಲಗೆಯಲ್ಲಿದ್ದವು. ಸ್ಟೂಲು ಹತ್ತಿ ಹಿಟ್ಟಿನ ಚೀಲ ಸರಿಸಿದ. ಹಿಂದೆ ಗೋಡೆಗೆ ಒತ್ತಿಕೊಂಡು ಬಾಟಲಿಗಳು ನಿಂತಿದ್ದವು. ಸಾಲು ಸಾಲಾಗಿ, ಒಂದರ ಹಿಂದೆ ಒಂದು. ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಅಗ್ಲಾಯಾಳ ದುಂಡಕ್ಷರದಲ್ಲಿ ಇಸವಿಗಳು. ಒಂದರ ದಾರವೂ ಬಿಚ್ಚಿರಲಿಲ್ಲ. ಒಕ್ತಾವ್ ಸಿಹಿ ಮುಟ್ಟುವವನಲ್ಲ, ಮುರಬ್ಬ ಕೇಳಿದವನೂ ಅಲ್ಲ. ಅವಳು ತಿನ್ನಲಾರದೆ, ಬಿಸಾಡಲೂ ಮನಸ್ಸು ಬಾರದೆ, ನಾದಿನಿಗೆ ನೋವಾಗದಿರಲೆಂದು ಇಲ್ಲಿ ತುಂಬಿಸಿಟ್ಟಿದ್ದಳು. ತಂತಿ ಜೋಡಿಸಿ ಪಳಗಿದ ಆ ಕೈ ಯಾವತ್ತೂ ಏನನ್ನೂ ಬೀಳಿಸಿದ್ದೇ ಇಲ್ಲ.

ಈ ವಾರದ ಸುಳ್ಳು ಇಲ್ಲಿತ್ತು. ಸ್ಟೂಲಿನ ಮೇಲೆ ನಿಂತಲ್ಲೇ ಅವನಿಗೆ ನಗು ಬಂತು. ಬಾಯಿಗೆ ತೋಳು ಅಡ್ಡ ಹಿಡಿದ. ಎದೆ ಡವಗುಟ್ಟುತ್ತಿತ್ತು, ಪ್ರಾಯದಲ್ಲಿ ಬಂದರಿನ ಬಾಗಿಲಲ್ಲಿ ಅವಳಿಗಾಗಿ ಕಾಯುತ್ತಿದ್ದಾಗ ಬಡಿದುಕೊಂಡ ಹಾಗೆ. ಹೆಂಡತಿಗೆ ಮಣ್ಣು ಹಾಕಿ ಬಂದ ದಿನ ಇಷ್ಟು ಸಂತೋಷವಾಗಬಾರದು ಎಂದುಕೊಂಡ. ಆದರೂ ಆಯಿತು.

ಚೀಲವನ್ನು ಮೊದಲಿದ್ದಲ್ಲಿಗೇ ಎಳೆದು, ತಟ್ಟೆ ಹಿಡಿದು ಹೊರಗೆ ಬಂದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅಗ್ಲಾಯಾ ಮುರಬ್ಬದ ಚಮಚ ಕೈಯಲ್ಲೇ ಹಿಡಿದು ಕಾಯುತ್ತಿದ್ದಳು.

"ಸುಳ್ಳು ನಂದೇ, ಆ ಕ್ಲಾರಿನೆಟ್ಟು" ಎಂದ ಒಕ್ತಾವ್. "ಅವಳಿಗೆ ಅದು ಒಂಚೂರೂ ಆಗ್ತಿರ್ಲಿಲ್ಲ."

ಟೆಯೋಫಿಲ್ ಪೆಚ್ಚಾಗಿ ಗಡ್ಡ ಕೆರೆದುಕೊಂಡ. ಅಗ್ಲಾಯಾ ಅಣ್ಣನ ಬೆನ್ನು ಸವರಿ, ಹೋಗ್ಲಿ ಬಿಡು ಎಂದು ಸಮಾಧಾನ ಹೇಳಿದಳು, ತನ್ನ ತಟ್ಟೆಗೆ ತಾನೇ ಇನ್ನೊಂದು ಚಮಚ ಮುರಬ್ಬ ಬಡಿಸಿಕೊಂಡಳು. ಇಲ್ದಿಕೊ ಮಾತ್ರ ಒಕ್ತಾವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಆರು ವರ್ಷ ಸಾಬಿನಾಳ ಸುಳ್ಳು ಹಿಡಿದು ಪಳಗಿದ ಕಣ್ಣು ಅದು.

"ಯಜಮಾನ್ರೇ, ನಿಮಗೆ ಈ ಆಟ ಬರಲ್ಲ" ಎಂದಳು, ಅವನಿಗಷ್ಟೇ ಕೇಳುವ ಹಾಗೆ.

ಒಕ್ತಾವ್ ತಟ್ಟೆಗಳನ್ನು ಮೇಜಿನ ಮೇಲಿಟ್ಟ. ಒಳಗೆ ಹೋಗಿ ಕ್ಲಾರಿನೆಟ್ ತಂದ.

"ಏನೋ ಇದು, ಇವತ್ತಾ? ಅವಳಿಗೆ ಆಗ್ತಿರ್ಲಿಲ್ಲ ಅಂತ ಈಗ ತಾನೇ ನಿನ್ನ ಬಾಯಲ್ಲೇ ಹೇಳ್ದೆ" ಎಂದು ಅಗ್ಲಾಯಾ ಗಾಬರಿಯಾದಳು.

ಅವನು ಕಿಟಕಿಯ ಬಳಿ ಹೋದ. ಅಗುಳಿ ಬಿಗಿದುಹೋಗಿತ್ತು. ಟೆಯೋಫಿಲ್ ಎದ್ದು ಬಂದು ಅಂಗೈಯಿಂದ ಗುದ್ದಿದ. ಎರಡೂ ಬಾಗಿಲು ಗೋಡೆಗೆ ಬಡಿದು ತೆರೆದುಕೊಂಡವು. ಬಿಸಿಲೂ ಟ್ರಾಮಿನ ಸದ್ದೂ ಒಟ್ಟಿಗೇ ಒಳಗೆ ಬಂದವು. ಒಕ್ತಾವ್ ಕಿಟಕಿಯಿಂದ ಮೈ ಹೊರಗೆ ಚಾಚಿ, ಆ ಒಂದೇ ಮದುವೆ ಹಾಡನ್ನು, ಯಾವಾಗಲೂ ತಪ್ಪುವಲ್ಲಿ ಇವತ್ತೂ ತಪ್ಪಿ, ಬೀದಿಗೆಲ್ಲ ಕೇಳುವಂತೆ ಊದಿದ.

ಕೆಳಗೆ ಬೆಂಚಿನ ಮೇಲೆ ಪಾಂಡೆಲೆ ತಿನ್ನುವುದನ್ನು ನಿಲ್ಲಿಸಿ ಕತ್ತೆತ್ತಿದ. ಹಾಡು ಮುಗಿಯುವವರೆಗೂ ಹಾಗೇ ಕೂತಿದ್ದ. ಆಮೇಲೆ ತಟ್ಟೆ ಪಕ್ಕಕ್ಕಿಟ್ಟು, ಎದ್ದು ನಿಂತು, ಟೋಪಿ ತೆಗೆದ.

"ಅವಳಿಗೆ ಮುಟ್ಟಲಿ" ಎಂದ.