ಹೇಳಿದ್ದು ಹೇಳಿದ ಹಾಗೆ

ಕೌನ್ಸೆಲರ್ ಕೋಣೆಯ ಹೊರಗೆ ಕೊಟ್ಟ ಒಪ್ಪಿಗೆ ಪತ್ರದ ನಾಲ್ಕನೆಯ ಸಾಲಿನ ಮೇಲೆ ಸ್ಟೆನೋನ ಬೆರಳು ನಿಂತಿತು. ಇಲ್ಲಿ ಆಡಿದ ಮಾತು ಈ ಕೋಣೆ ಬಿಟ್ಟು ಹೋಗುವುದಿಲ್ಲ, ಕಾನೂನು ಕೇಳಿದ ಸಂದರ್ಭದ ಹೊರತು, ಎಂದಿತ್ತು. ಈ ‘ಹೊರತು’ ಎಂಬುದು ಎಂಥೆಂಥ ಕಾಗದಗಳಲ್ಲಿ ಹೇಗೆ ಅಡಗಿ ಕೂತಿರುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನ್ಯಾಯಾಲಯದಲ್ಲಿ ಸಾಕ್ಷಿಗಳ ಹೇಳಿಕೆಯನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ಕೆಲಸಕ್ಕೆ ಸೇರಿ ಇಪ್ಪತ್ತೊಂದು ವರ್ಷವಾಗಿತ್ತು. ಈಗ ನೆರೆಹೊರೆಯವರ ಬಾಯಲ್ಲೂ ಅವನು ಸ್ಟೆನೋನೇ. ಸಹಿ ಹಾಕದೆ ಪೆನ್ನಿಗೆ ಮುಚ್ಚಳ ಹಾಕಿದ.

ಎದುರು ಕುರ್ಚಿಯಲ್ಲಿ ಅವನ ಹೆಂಡತಿ ಕೂತಿದ್ದಳು. ಅಕ್ಕನ ಮನೆಯಿಂದ ನೇರ ಬಂದಿದ್ದಳು. ಅವಳು ತನ್ನ ಪ್ರತಿಗೆ ಆಗಲೇ ಸಹಿ ಹಾಕಿ ಕೊಟ್ಟಾಗಿತ್ತು. ಅಷ್ಟು ಬೇಗ ಹೇಗೆ ಹಾಕಿದಳು? ಮೊದಲೇ ಓದಿದ್ದಳೇ? ಈ ಭೇಟಿಯನ್ನು ಗೊತ್ತು ಮಾಡಲು ಅವಳು ಫೋನಿನಲ್ಲಿ ಹನ್ನೊಂದು ನಿಮಿಷ ಮಾತಾಡಿದ್ದಳಂತೆ. ದಿನ, ಗಂಟೆ ಕೇಳುವುದಕ್ಕೆ ಹನ್ನೊಂದು ನಿಮಿಷ ಯಾಕೆ ಬೇಕು?

ಮುಚ್ಚಿದ ಬಾಗಿಲ ಬುಡದಲ್ಲಿ ಒಂದು ಬಿಳಿ ಡಬ್ಬಿ ಶುಯ್ ಎಂದು ಸದ್ದು ಮಾಡುತ್ತಿತ್ತು. ಒಳಗಿನ ಮಾತು ಹೊರಗಿನವರಿಗೆ ಕೇಳಬಾರದೆಂದು ಇಟ್ಟದ್ದು ಎಂದು ಸ್ವಾಗತದ ಮೇಜಿನ ಹೆಂಗಸು ಹೇಳಿದಳು. ಅವನು ಬೂಟಿನ ಲೇಸು ಕಟ್ಟುವ ನೆಪದಲ್ಲಿ ಬಗ್ಗಿ ನೋಡಿದ. ಸುತ್ತ ಸಣ್ಣ ತೂತುಗಳಿದ್ದವು. ಸದ್ದು ಹೊರಗೆ ಬರುವ ತೂತಿನಲ್ಲಿ ಒಳಗೆ ಹೋಗಲಾರದೇ ಎಂದು ಯೋಚಿಸುತ್ತಿರುವಾಗಲೇ ಬಾಗಿಲು ತೆರೆಯಿತು. ಬೇರೆ ದಾರಿ ಕಾಣದೆ, ‘ಹೊರತು’ ಎಂಬ ಪದದ ಕೆಳಗೆ ಗೆರೆ ಎಳೆದು ಸಹಿ ಹಾಕಿದ.

ವಿಷಯ ಸಣ್ಣದೇನಾಗಿರಲಿಲ್ಲ. ಎರಡು ತಿಂಗಳ ಹಿಂದೆ, ಹೆಂಡತಿಯ ಜೊತೆ ಕೆಲಸ ಮಾಡುವವಳೊಬ್ಬಳು ದಾರಿಯಲ್ಲಿ ಸಿಕ್ಕು, ಸದ್ಯ, ಗಂಟು ಏನೂ ಆಗಿರಲಿಲ್ಲವಲ್ಲ, ದೊಡ್ಡದೊಂದು ತಪ್ಪಿತು ಎಂದಿದ್ದಳು. ಹೆಂಡತಿ ಪ್ರಯೋಗಾಲಯದಲ್ಲಿ ರಕ್ತ ತೆಗೆಯುವವಳು. ತನ್ನ ಎದೆಯಲ್ಲಿ ಗಂಟು ಕಂಡು, ಸೂಜಿ ಹಾಕಿಸಿಕೊಂಡು, ಒಂಬತ್ತು ದಿನ ವರದಿಗೆ ಕಾದು, ಏನೂ ಇಲ್ಲ ಎಂದು ತಿಳಿದುಕೊಳ್ಳುವವರೆಗಿನ ಎಲ್ಲವನ್ನೂ ಒಬ್ಬಳೇ ಮುಗಿಸಿದ್ದಳು. ಮನೆಗೆ ಬಂದವನೇ ಅವನು ಕೇಳಿದ್ದು ಒಂದೇ: ನನ್ನಿಂದ ಯಾಕೆ ಮುಚ್ಚಿಟ್ಟೆ? ಅವಳು, ಹೇಳಿದ್ದೆನಲ್ಲ ಎಂದಳು. ಅವನು, ಹೇಳಿಲ್ಲ ಎಂದ. ಮೂರು ವಾರ ಇದೇ ನಡೆಯಿತು. ಇದನ್ನು ಮುಚ್ಚಿಟ್ಟವಳು ಇನ್ನೇನೇನು ಮುಚ್ಚಿಟ್ಟಿರಬಹುದು ಎಂದು ಅವನು ಅವಳ ಕಪಾಟಿನ ಕಾಗದಗಳನ್ನೆಲ್ಲ ಕೆದಕಿದ ದಿನ ಅವಳು ಅಕ್ಕನ ಮನೆಗೆ ಹೋದಳು. ಒಂದು ಸಲ ಇಬ್ಬರೂ ಕೌನ್ಸೆಲರ್ ಹತ್ತಿರ ಹೋಗೋಣ, ಆಮೇಲೆ ಬರುವುದೋ ಬಿಡುವುದೋ ಹೇಳುತ್ತೇನೆ ಎಂದು ಹೇಳಿ ಕಳಿಸಿದ್ದಳು. ಆ ಮಾತನ್ನು ತಂದ ಷಡ್ಡಕ ತನ್ನದೂ ಒಂದು ಸೇರಿಸಿದ್ದ: "ಕೋರ್ಟಲ್ಲಿ ಕೂತೂ ಕೂತೂ ನಿನಗೆ ಎಲ್ಲರೂ ಆರೋಪಿಗಳ ಥರಾನೇ ಕಾಣ್ತಾರೆ ಕಣೋ. ಹೋಗ್ಬಾ, ಅಲ್ಲೇನೂ ಕಟಕಟೆ ಇರಲ್ಲ."

ಕಟಕಟೆ ಇರಲಿಲ್ಲ, ನಿಜ. ಮೂರು ಕುರ್ಚಿಗಳಿದ್ದವು, ಮೂರೂ ಒಂದೇ ಎತ್ತರ. ಗಡಿಯಾರ ಮಾತ್ರ ಗಂಡ ಹೆಂಡತಿಯ ಬೆನ್ನ ಹಿಂದಿತ್ತು, ಕೌನ್ಸೆಲರ್ ಒಬ್ಬಳಿಗೇ ಕಾಣುವಂತೆ. ಐವತ್ತರ ಆಸುಪಾಸಿನ ಆಕೆ, ಐವತ್ತು ನಿಮಿಷ ಸಮಯವಿದೆ, ಯಾರು ಸರಿ ಯಾರು ತಪ್ಪು ಎಂದು ತಾನು ತೀರ್ಪು ಕೊಡುವುದಿಲ್ಲ, ಒಬ್ಬರು ಗುಟ್ಟಾಗಿ ಹೇಳಿದ್ದನ್ನು ಇನ್ನೊಬ್ಬರಿಂದ ಬಚ್ಚಿಡುವುದಿಲ್ಲ, ಮೊದಮೊದಲು ಮನಸ್ಸಿಗೆ ಇನ್ನಷ್ಟು ಕಷ್ಟವಾದರೂ ಆಗಬಹುದು ಎಂದಳು. ಸ್ಟೆನೋ ಆಕೆಯ ಮಡಿಲಲ್ಲಿದ್ದ ಪುಸ್ತಕವನ್ನೇ ನೋಡುತ್ತಿದ್ದ. ಫೋನಿನಲ್ಲಿ ಏನು ಮಾತಾಯಿತು ಎಂದು ಕೇಳಿದ.

"ಬರೋಕೆ ಭಯ ಆಗ್ತಿದೆ ಅಂದ್ರು. ನಿಮ್ಮ ಬಗ್ಗೆ ಏನೂ ಹೇಳ್ಲಿಲ್ಲ."

ಇಂಥ ಉತ್ತರಗಳನ್ನು ಅವನು ನೂರಾರು ಬರೆದುಕೊಂಡಿದ್ದ. ಹೇಳಿಕೊಟ್ಟ ಸಾಕ್ಷಿಯೇ ಇಷ್ಟು ಚೊಕ್ಕವಾಗಿ ಮಾತಾಡುವುದು.

ಮೊದಲು ಹೆಂಡತಿ ಮಾತಾಡಲಿ, ಉತ್ತರ ಕೊಡುವ ಮುಂಚೆ ಅವಳು ಹೇಳಿದ್ದನ್ನು ನೀವು ಒಮ್ಮೆ ತಿರುಗಿ ಹೇಳಿ ಎಂದಳು ಕೌನ್ಸೆಲರ್. ಹೆಂಡತಿ ನೆಲ ನೋಡುತ್ತ ಮಾತಾಡಿದಳು. ದಿನಕ್ಕೆ ಎಪ್ಪತ್ತು ಜನರ ತೋಳು ಹಿಡಿದು, ಸ್ವಲ್ಪ ಚುಚ್ಚುತ್ತೆ ಅಷ್ಟೇ ಎಂದು ಧೈರ್ಯ ಹೇಳುವವಳು ತಾನು, ತನ್ನ ಸರದಿ ಬಂದಾಗ ಹೊರಗೆ ಬೆಂಚಿನ ಮೇಲೆ ಯಾರೂ ಇರಲಿಲ್ಲ ಎಂದಳು. ಎರಡು ಮೂರು ನಿಮಿಷದ ಮಾತು. ಅವಳು ನಿಲ್ಲಿಸುತ್ತಲೇ ಸ್ಟೆನೋ ಶುರು ಮಾಡಿದ. ಒಂದು ಪದ ಆಚೀಚೆ ಆಗದಂತೆ, ಏರಿಳಿತವಿಲ್ಲದ ದನಿಯಲ್ಲಿ ಪೂರ್ತಿ ಒಪ್ಪಿಸಿ, ಕೊನೆಗೆ "ಬೆಂಚು ಅನ್ನೋದಕ್ಕೆ ಮುಂಚೆ ಒಂದು ಸಲ ಕೆಮ್ಮಿದಳು" ಎಂದೂ ಸೇರಿಸಿದ.

ಕೌನ್ಸೆಲರ್ ಅವನ ಕಡೆ ತಿರುಗಿದಳು. "ಒಂದಕ್ಷರ ಬಿಡಲಿಲ್ಲ ನೀವು. ಅವರು ಹೇಳಿದ್ದೇನು?"

"ಅದೇ, ಈಗ ಹೇಳಿದ್ನಲ್ಲ."

ಆಕೆ ಕೇಳುತ್ತಿರುವುದೇನೆಂದು ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ. ಕೆಲಸ ಕಲಿಸಿದ ಹಿರಿಯ ಅವನಿಗೆ ಮೊದಲ ದಿನವೇ ಹೇಳಿದ್ದ, ಅರ್ಥದ ಹಿಂದೆ ಹೋದೆಯೋ ಮೂರು ವಾಕ್ಯ ತಪ್ಪಿಹೋಗುತ್ತದೆ, ಕಿವಿಯಿಂದ ನೇರ ಕೈಗೆ ಇಳಿಸಬೇಕು ಎಂದು. ಒಂದು ಸಲ ಇಡೀ ನ್ಯಾಯಾಲಯ ಕಣ್ಣೊರೆಸಿಕೊಳ್ಳುತ್ತಿದ್ದಾಗ ಇವನು ಊಟದ ಬಿಡುವಿನಲ್ಲಿ ಗುಮಾಸ್ತನನ್ನು, ಏನಾಯ್ತಪ್ಪ ಒಳಗೆ ಎಂದು ಕೇಳಿದ್ದ. ನ್ಯಾಯಾಧೀಶರು ಓದಿ ಎಂದಾಗಷ್ಟೇ ಶೀಘ್ರಲಿಪಿಯ ಗೆರೆಗಳು ಮಾತಾಗುತ್ತಿದ್ದವು. ಅದೇನೂ ಅವನಿಗೆ ಕೊರತೆ ಅನ್ನಿಸಿರಲಿಲ್ಲ. ಅವನು ಓದಿದ್ದು ತಪ್ಪು ಎಂದು ಈವರೆಗೆ ಯಾವ ವಕೀಲನೂ ಎದ್ದು ನಿಂತದ್ದಿಲ್ಲ.

ಅದೇ ತನ್ನ ಬಲ ಎಂದು ಈಗ ಹೊಳೆಯಿತು. ಈ ಹೆಂಗಸರಿಬ್ಬರೂ ಏನೇ ಹೊಂದಿಸಿಕೊಂಡು ಬಂದಿರಲಿ, ದಾಖಲೆ ತನ್ನ ಹತ್ತಿರವಿದೆ.

"ಮೇಡಂ, ಇವಳು ಗಂಟಿನ ವಿಷಯ ಹೇಳ್ದೆ ಅನ್ನೋದು ಒಂದು ಮಂಗಳವಾರ ಸಂಜೆ. ನಾನು ಊಟದ ಮೇಜಿನ ಮೇಲೆ ಕೋರ್ಟಿನ ನೋಟ್ಸ್ ಬಿಡಿಸ್ತಾ ಕೂತಿದ್ದೆ. ಅವತ್ತು ಇವಳು ಮಾತಾಡಿದ್ದು ಬಾತ್‌ರೂಮಿನ ಬಲ್ಬಿನ ವಿಷಯ. ಬೇಕಾದ್ರೆ ಅಷ್ಟನ್ನೂ ಹೇಳ್ತೀನಿ, ನೀವೇ ಕೇಳಿ."

"ಅವರಿಗೂ ಅದು ಬೇಕಾ?" ಎಂದು ಕೌನ್ಸೆಲರ್ ಹೆಂಡತಿಯ ಕಡೆ ನೋಡಿದಳು. ಹೆಂಡತಿ ಮುಖ ಎತ್ತಿ ಅವನನ್ನೇ ನೋಡಿದಳು. ಹೇಳ್ಲಿ ಎಂದಳು.

ಅವನು ಕಣ್ಣು ಮುಚ್ಚಿದ. ಬಲಗೈ ಬೆರಳುಗಳು ಮೊಣಕಾಲಿನ ಮೇಲೆ ಸಣ್ಣಗೆ ಆಡತೊಡಗಿದವು.

"ರೀ, ಬಾತ್‌ರೂಮಿನ ಬಲ್ಬು ಮತ್ತೆ ಹೋಗಿದೆ. ಎರಡು ದಿನದಿಂದ ಹೇಳ್ತಿದ್ದೀನಿ. ಕತ್ತಲಲ್ಲೇ ಸ್ನಾನ ಮಾಡ್ದೆ. ಸೋಪು ಹಚ್ಕೊಳ್ಳುವಾಗ ಎದೆಯಲ್ಲಿ ಏನೋ ಗಂಟು ಕೈಗೆ ಸಿಕ್ತು. ಕಡಲೆಕಾಳಿನಷ್ಟಿದೆ. ಗುರುವಾರ ತೋರಿಸೋಕೆ ಹೋಗ್ತೀನಿ, ನೀವೂ ಬರ್ತೀರಾ. ಅದಕ್ಕೆ ನಾನು, ಹ್ಞೂಂ, ಬಲ್ಬು ನಾಳೆ ತರ್ತೀನಿ."

ಕಣ್ಣು ತೆರೆದ. ಅವನ ದನಿ ನಿಂತ ಮೇಲೂ ಬೆರಳುಗಳು ಒಂದೆರಡು ಗೆರೆ ಎಳೆದು ನಿಂತವು. ಬಾಗಿಲಾಚೆಯ ಡಬ್ಬಿಯ ಶುಯ್ ಸದ್ದು ಇಲ್ಲಿಗೂ ಕೇಳುತ್ತಿತ್ತು. ಹೇಳಿ ಮುಗಿಸಿದ್ದು ಏನೆಂದು ಅವನ ಕಿವಿಗೆ ಆಗ ಬಿತ್ತು. ಮರುದಿನ ತಾನು ಬಲ್ಬು ತಂದದ್ದು, ಸ್ಟೂಲು ಹತ್ತಿ ಹಾಕಿದ್ದು, ಅವಳು ಕೆಳಗೆ ಸ್ಟೂಲು ಹಿಡಿದುಕೊಂಡು ನಿಂತದ್ದು, ಎಲ್ಲ ನೆನಪಾಯಿತು.

ಕೌನ್ಸೆಲರ್ ಏನನ್ನೂ ಬರೆದುಕೊಳ್ಳಲಿಲ್ಲ. ಆಕೆ ಬರೆಯುವುದನ್ನೇ ಅವನು ಕಾಯುತ್ತಿದ್ದ, ಈಗ ಬರೆಯುತ್ತಾಳೆ, ಈಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದು. ಹೆಂಡತಿ ಕೌನ್ಸೆಲರ್ ಕಡೆ ತಿರುಗಲೂ ಇಲ್ಲ.

"ಹಾಗಾದ್ರೆ ಹೇಳಿದ್ದೆ ನಾನು," ಎಂದಳು. ಗೆದ್ದವಳ ದನಿಯಾಗಿರಲಿಲ್ಲ ಅದು. "ನೀವು ಅಷ್ಟು ಖಡಾಖಂಡಿತ ಇಲ್ಲ ಅಂದ್ರಿ, ಮನಸ್ಸಲ್ಲೇ ಅಂದ್ಕೊಂಡು ಹೇಳ್ದೆ ಅಂತ ನಂಬ್ಕೊಂಡಿದ್ದೀನೇನೋ ಅನ್ನಿಸ್ತಿತ್ತು. ಕೆಲಸದಲ್ಲಿ ಸೀಸೆ ಮೇಲಿನ ಹೆಸರನ್ನ ಮೂರ್ಮೂರು ಸಲ ನೋಡ್ತಿದ್ದೆ. ಅಕ್ಕನಿಗೂ ಹೇಳಿರ್ಲಿಲ್ಲ, ನನ್ನ ತಲೆ ಸರಿ ಇಲ್ವೇನೋ ಅಂತ."

"ಬಲ್ಬಿನ ಜೊತೆ ಸೇರಿಸಿ ಹೇಳಿದ್ರೆ..." ಎಂದು ಶುರು ಮಾಡಿದವನು ಅಲ್ಲಿಗೇ ನಿಂತ.

"ಬೇರೆ ಹೇಗೆ ಹೇಳ್ಬೇಕಿತ್ತು?" ಅವಳು ಚುಚ್ಚಲಿಲ್ಲ. ಗೊತ್ತಿಲ್ಲದ್ದನ್ನು ಕೇಳುವವಳಂತೆ ಕೇಳಿದಳು, ಉತ್ತರಕ್ಕೆ ಕಾದಳು.

ಅವನ ಹತ್ತಿರ ಅದಕ್ಕೆ ಯಾರ ಮಾತೂ ಇರಲಿಲ್ಲ.  ಸಮಯ ಮುಗಿದಾಗ ಕೌನ್ಸೆಲರ್, ಮತ್ತೆ ಬರುತ್ತೀರೋ ಇಲ್ಲವೋ ಈಗಲೇ ಹೇಳಬೇಕಿಲ್ಲ ಎಂದು ಇಬ್ಬರಿಗೂ ಹೇಳಿ ಬಾಗಿಲು ತೆರೆದಳು.

ಬಸ್ ನಿಲ್ದಾಣದಲ್ಲಿ ಕಚೇರಿ ಬಿಟ್ಟವರ ನೂಕುನುಗ್ಗಲಿತ್ತು. ಅಕ್ಕನ ಮನೆಯ ಕಡೆಯ ಬಸ್ಸು ಬಂದು ನಿಂತು, ಜನರನ್ನು ತುಂಬಿಕೊಂಡು ಹೊರಟಿತು. ಅವಳು ಹತ್ತಲಿಲ್ಲ. ಯಾಕೆ ಹತ್ತಲಿಲ್ಲ ಎಂದು ಅವನಿಗೆ ಕೇಳಬೇಕೆನ್ನಿಸಿತು, ಕೇಳಲಿಲ್ಲ. ತುಂಬ ಹೊತ್ತಿನ ಮೇಲೆ, ರಸ್ತೆಯ ಕಡೆ ನೋಡುತ್ತಲೇ, ಅಕ್ಕಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ ಕೇಳಿದ.

"ಎಡಗಡೆನಾ, ಬಲಗಡೆನಾ, ಗಂಟು ಇದ್ದಿದ್ದು?"

ಅವಳು ಎಡ ಹೆಗಲಿಗೆ ನೇತುಹಾಕಿಕೊಂಡಿದ್ದ ಚೀಲವನ್ನು ನಿಧಾನವಾಗಿ ತೆಗೆದು ಬಲ ಹೆಗಲಿಗೆ ಹಾಕಿಕೊಂಡಳು. ಎಡಬದಿಯಿಂದ ಜನ ಒತ್ತುತ್ತಿದ್ದರು. ಸ್ಟೆನೋ ಸುತ್ತಿ ಬಂದು ಅವಳ ಎಡಕ್ಕೆ ನಿಂತ.