ಗಂಟಲು ನನ್ನದು

ಡ್ರೈವಿಂಗ್ ಸ್ಕೂಲಿನಲ್ಲಿ ಅವಳಿಂದ ಕಾರು ಕಲಿತವರೆಲ್ಲ ಅವಳನ್ನು ಬ್ರೇಕಮ್ಮ ಎಂದೇ ಕರೆಯುತ್ತಿದ್ದರು. "ಬ್ರೇಕ್ ಅಮ್ಮಾ, ಬ್ರೇಕ್!" ಎಂದು ಪಕ್ಕದ ಸೀಟಿನಿಂದ ಅವಳು ಕೂಗಿದರೆ ಕಲಿಯುವವಳು ನಿಲ್ಲಿಸುತ್ತಿದ್ದಳೋ ಇಲ್ಲವೋ, ರಸ್ತೆಯ ಆಚೆ ಬದಿಯ ಸೈಕಲ್ಲಿನವನು ಮಾತ್ರ ಕಾಲೂರಿ ನಿಂತುಬಿಡುತ್ತಿದ್ದ. ಅಂಥ ಗಂಟಲು. ಅದು ಒಡೆಯತೊಡಗಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೂಗಿ ಕೂಗಿ ಹೀಗಾಗಿದೆ, ಬಿಸಿನೀರು ಕುಡಿ ಎಂದರು. ಬಿಸಿನೀರು, ಉಪ್ಪುನೀರು, ಮಾತ್ರೆ ಎಲ್ಲ ಮುಗಿದು, ದನಿ ಮರಳು ಉಜ್ಜಿದ ಹಾಗೆ ಕರಕರ ಎನ್ನತೊಡಗಿ, ನುಂಗಿದರೆ ಕಿವಿಯವರೆಗೂ ನೋವು ಎಳೆಯತೊಡಗಿದ ಮೇಲೆ ತಂಗಿ ಅವಳನ್ನು ದೊಡ್ಡಾಸ್ಪತ್ರೆಗೆ ಕರೆತಂದಳು.

ಗಂಡ ಹೋದ ಮೇಲೆ ಬ್ರೇಕಮ್ಮ ತಂಗಿಯ ಜೊತೆಗೇ ಇದ್ದವಳು. ತಂಗಿ ನರ್ಸರಿ ಟೀಚರು, ಮದುವೆಯ ಗೊಡವೆಗೆ ಹೋದವಳಲ್ಲ. ಅಕ್ಕನದು ಜೋರು ಬಾಯಿ, ತಂಗಿಯದು ಮೆತ್ತನೆಯ ಬಾಯಿ. ಅದಕ್ಕೇ ಇಬ್ಬರೂ ಒಂದೇ ಮನೆಯಲ್ಲಿ ಬಾಳಿದ್ದರು.

ಆಸ್ಪತ್ರೆಯವರು ಮೂಗಿನೊಳಗಿಂದ ಕ್ಯಾಮೆರಾ ಇಳಿಸಿ ನೋಡಿದರು. ಗಂಟಲಿನಿಂದ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಗುಂಯ್‌ಗುಟ್ಟುವ ಯಂತ್ರದೊಳಗೆ ಮಲಗಿಸಿದರು. ಏನು ಕಂಡಿತು ಎಂದು ಕೇಳಿದರೆ ನರ್ಸು, "ಡಾಕ್ಟರ್ ಹೇಳ್ತಾರೆ" ಎನ್ನುತ್ತಿದ್ದಳು. ಕಿರಿಯ ಡಾಕ್ಟರು, "ದೊಡ್ಡ ಡಾಕ್ಟರ್ ಹೇಳ್ತಾರೆ" ಎನ್ನುತ್ತಿದ್ದಳು. ತಂಗಿಯನ್ನು ಕೇಳಿದರೆ, "ಏನಿಲ್ಲ ಅಕ್ಕ, ಒಂದು ಗಂಟು. ತೆಗೆದುಬಿಟ್ರೆ ಆಯ್ತಂತೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು, ನೀರು ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದಳು. ಬರುವಾಗ ಬಾಟಲಿಯ ಜೊತೆಗೆ ಮುಖವೂ ತೊಳೆದಂತಿರುತ್ತಿತ್ತು.

ಆಪರೇಷನ್ನಿನ ಹಿಂದಿನ ದಿನ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದರು. ಹಿಂದೆ ಒಂದು ಹಿಂಡು ಕಿರಿಯರು. ಮಂಚದ ಕಾಲ ಬಳಿ ನಿಂತು ಅವರು ಅವಳ ಕುತ್ತಿಗೆಯ ಕಡೆ ಪೆನ್ನು ತೋರಿಸುತ್ತ ಇಂಗ್ಲಿಷಿನಲ್ಲಿ ಸರಸರನೆ ಹೇಳುತ್ತ ಹೋದರು. ಬ್ರೇಕಮ್ಮನ ಕಿವಿಗೆ ಸಿಕ್ಕಿದ್ದು ಎರಡೇ ಮಾತು: ಟೋಟಲ್, ಪರ್ಮನೆಂಟ್. ಪರ್ಮನೆಂಟ್ ಎಂದರೆ ಅವಳಿಗೆ ಗೊತ್ತಿದ್ದದ್ದು ಲೈಸೆನ್ಸು.

"ಡಾಕ್ಟ್ರೇ, ಏನು ಪರ್ಮನೆಂಟು?" ಎಂದಳು.

ಅವಳ ಒಡಕು ದನಿ ಅವರಿಗೆ ಕೇಳಿಸಿತೋ ಇಲ್ಲವೋ. "ಎಲ್ಲ ನಿಮ್ಮ ತಂಗಿಗೆ ಹೇಳಿದ್ದೀವಿ ಅಮ್ಮ. ನೀವು ಟೆನ್ಷನ್ ಮಾಡ್ಕೋಬೇಡಿ, ಆರಾಮಾಗಿರಿ" ಎಂದು ಅವಳ ಪಾದವನ್ನು ಹೊದಿಕೆಯ ಮೇಲಿಂದಲೇ ತಟ್ಟಿ ಮುಂದಿನ ಮಂಚಕ್ಕೆ ಹೋದರು. ಹಿಂಡೂ ಹೋಯಿತು.

ಪಕ್ಕದ ಮಂಚದ ಅಜ್ಜಿ ಇದನ್ನೆಲ್ಲ ನೋಡುತ್ತಿದ್ದಳು. "ನನಗೂ ಹಂಗೇ ಕಣವ್ವ. ಹೊಟ್ಟೆ ನನ್ನದು, ಸುದ್ದಿ ನನ್ನ ಮಗಂದು" ಎಂದಳು. ಬ್ರೇಕಮ್ಮನಿಗೆ ನಗು ಬಂತು, ನಗಲು ಹೋಗಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಭಯ ಉಳಿಯಿತು.

ಮರುದಿನ ಬೆಳಿಗ್ಗೆ ಅವಳಿಗೆ ಹಸಿರು ಗೌನು ತೊಡಿಸಿದರು. ಬಳೆ, ಓಲೆ ಬಿಚ್ಚಿ ತಂಗಿಯ ಕೈಗೆ ಕೊಟ್ಟದ್ದಾಯಿತು. ನರ್ಸು ಬಂದು ಮಂಚದ ಪಕ್ಕದ ಪುಟ್ಟ ಕಪಾಟಿನ ಮೇಲೆ ಒಂದು ಸಣ್ಣ ಸ್ಲೇಟು, ಎರಡು ಬಳಪ ಇಟ್ಟಳು.

"ಇದ್ಯಾಕೆ?"

"ಆಮೇಲೆ ಬರೆಯೋಕೆ. ಏನಾದ್ರೂ ಬೇಕಾದ್ರೆ ಬರೆದು ತೋರಿಸಬೇಕಲ್ಲ?"

"ಗಂಟಲು ನೋಯುತ್ತೆ ಅಂತಾನಾ? ಎಷ್ಟು ದಿನ?"

ನರ್ಸು ಬಾಯಿ ತೆರೆದಳು. ಆಮೇಲೆ ತಂಗಿಯ ಕಡೆ ನೋಡಿದಳು. ತಂಗಿ ಅಕ್ಕನ ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟುವುದರಲ್ಲಿ ಮುಳುಗಿಹೋಗಿದ್ದಳು. "ಅದು... ಡಾಕ್ಟರ್ ಹೇಳ್ತಾರೆ" ಎಂದು ನರ್ಸು ಬೇರೆ ಮಂಚದ ಕಡೆ ನಡೆದಳು.

ಬ್ರೇಕಮ್ಮ ಸ್ಲೇಟನ್ನು ಎತ್ತಿ, ತಿರುಗಿಸಿ ನೋಡಿ, ಮತ್ತೆ ಇಟ್ಟಳು.

ಸ್ಟ್ರೆಚರ್ ಬಂತು. ಏನು ಕೇಳಬೇಕೆಂದೇ ತೋಚದೆ ಅವಳು ಮಲಗಿದಳು. ಮೇಲೆ ಟ್ಯೂಬ್‌ಲೈಟುಗಳು ಒಂದೊಂದಾಗಿ ಹಿಂದೆ ಸರಿದವು. ವಾರ್ಡಿನವನು ತಳ್ಳುತ್ತಿದ್ದ, ತಂಗಿ ಪಕ್ಕದಲ್ಲಿ ಅರ್ಧ ಓಡುತ್ತ ಬರುತ್ತಿದ್ದಳು. ಲಿಫ್ಟಿನ ಮುಂದೆ ನಿಂತಾಗ ಬ್ರೇಕಮ್ಮ ತಂಗಿಯ ಮಣಿಕಟ್ಟು ಹಿಡಿದಳು.

"ನನ್ನ ಮುಖ ನೋಡಿ ಹೇಳು. ನಾನು ಎದ್ದ ಮೇಲೆ ಮಾತಾಡ್ತೀನಾ?"

"ಅಕ್ಕ, ಈಗ ಯಾಕೆ ಅದೆಲ್ಲ..."

"ಆಡ್ತೀನಾ, ಇಲ್ವಾ?"

ತಂಗಿ ಲಿಫ್ಟಿನ ಗುಂಡಿಯನ್ನು ಮತ್ತೊಮ್ಮೆ ಒತ್ತಿದಳು. ಅಷ್ಟು ಸಾಕಾಯಿತು. ಲಿಫ್ಟಿನ ಬಾಗಿಲು ತೆರೆಯುವುದಕ್ಕೂ ಬ್ರೇಕಮ್ಮ ಹೊದಿಕೆ ಎಸೆದು ಕಾಲು ಕೆಳಗೆ ಬಿಡುವುದಕ್ಕೂ ಸರಿಹೋಯಿತು.

"ಅಮ್ಮಾ, ಇಳೀಬಾರದು! ಬೀಳ್ತೀರಿ!" ವಾರ್ಡಿನವನು ಗಾಬರಿಯಾದ.

ಅವಳು ಬೀಳಲಿಲ್ಲ. ಹಿಂದೆ ಕಟ್ಟಿದ್ದ ಗೌನನ್ನು ಒಂದು ಕೈಯಲ್ಲಿ ಬಿಗಿಹಿಡಿದು, ಬರಿಗಾಲಲ್ಲಿ ಹೋಗಿ ಗೋಡೆ ಬದಿಯ ಬೆಂಚಿನ ಮೇಲೆ ಕೂತುಬಿಟ್ಟಳು. ಹೊರರೋಗಿಗಳು, ಅವರ ಮನೆಯವರು ಮಾತು ನಿಲ್ಲಿಸಿ ನೋಡಿದರು. ಯಾರೋ ಸರಿದು ಜಾಗ ಕೊಟ್ಟರು.

ಓಡಿಬಂದ ನರ್ಸು ಮೊದಲು ಪುಸಲಾಯಿಸಿದಳು, ಆಮೇಲೆ ಗದರಿದಳು. "ಥಿಯೇಟರ್ ರೆಡಿ ಇದೆ, ಎಲ್ಲರೂ ಕಾಯ್ತಿದ್ದಾರೆ. ಚಿಕ್ಕ ಮಕ್ಕಳ ಥರ ಹಟ ಮಾಡಿದ್ರೆ ಹೆಂಗೆ?" ಕಿರಿಯ ಡಾಕ್ಟರು ಬಂದಳು. "ನಮ್ಮ ಮೇಲೆ ನಂಬಿಕೆ ಇಡಿ ಅಮ್ಮ" ಎಂದಳು.

"ನಂಬಿಕೆ ಇದೆ" ಎಂದಳು ಬ್ರೇಕಮ್ಮ. ಒಂದೊಂದು ಮಾತಿಗೂ ಗಂಟಲು ಹರಿದಂತಾಗುತ್ತಿತ್ತು. "ಏನು ತೆಗೀತೀರಿ ಅಂತ ಹೇಳಿ. ಅಷ್ಟೇ."

ಕಿರಿಯ ಡಾಕ್ಟರು ತಂಗಿಯ ಮುಖ ನೋಡಿದಳು, ತಂಗಿ ನೆಲ ನೋಡಿದಳು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೂ ಇರಲಿಲ್ಲ.

ಕೊನೆಗೆ ದೊಡ್ಡ ಡಾಕ್ಟರೇ ಇಳಿದು ಬಂದರು. ಹಸಿರು ಬಟ್ಟೆ, ಹಸಿರು ಟೋಪಿ, ಮಾಸ್ಕು ಗದ್ದದ ಕೆಳಗೆ. ಮುಖ ಕೆಂಡವಾಗಿತ್ತು. "ಏನಮ್ಮಾ ಇದು? ಒಪ್ಪಿಗೆ ಪತ್ರಕ್ಕೆ ನೀವೇ ಸೈನ್ ಹಾಕಿದ್ದೀರಲ್ಲ?"

"ಇಂಗ್ಲಿಷಲ್ಲಿತ್ತು. ಪ್ರಜ್ಞೆ ತಪ್ಪಿಸೋ ಇಂಜೆಕ್ಷನ್ನಿಗೆ ಅಂದ್ರು."

"ಯಾರು ಅಂದ್ರು?"

ತಂಗಿ ಅಳತೊಡಗಿದಳು. "ನಾನೇ ಅಂದೆ ಸಾರ್. ನಾನೇ."

ಡಾಕ್ಟರು ಅವಳನ್ನೇ ನೋಡಿದರು. ಸಿಟ್ಟು ಯಾರ ಮೇಲೆ ಎಂದು ಅವರಿಗೇ ಗೊತ್ತಾಗದೆ ಹೋದಂತಿತ್ತು. "ನಾನು ನಿಮಗೆ ವಿವರವಾಗಿ ಹೇಳಿದ್ದೆ. ಅಕ್ಕನಿಗೆ ನಿಧಾನಕ್ಕೆ ತಿಳಿಸ್ತೀನಿ ಅಂದಿದ್ರಿ. ತಿಳಿಸಿದ್ದೀರಿ ಅಂದ್ಕೊಂಡೆ."

"ಗಂಟಲು ಅವಳದಾ ಡಾಕ್ಟ್ರೇ?" ಎಂದಳು ಬ್ರೇಕಮ್ಮ. "ಗಂಟಲು ನನ್ನದು. ಅವಳಿಗೆ ಹೇಳಿದ್ರಿ, ನನ್ನ ಕಾಲ ಹತ್ರ ನಿಂತು ಇವರಿಗೆಲ್ಲ ಹೇಳಿದ್ರಿ. ನನಗೆ ಹೇಳೋಕೆ ಏನು ಅಡ್ಡ ಇತ್ತು?"

ಡಾಕ್ಟರು ಗಡಿಯಾರ ನೋಡಿದರು, ಲಿಫ್ಟಿನ ಕಡೆ ನೋಡಿದರು. ಆಮೇಲೆ ಕಿರಿಯಳಿಗೆ, "ಮುಂದಿನ ಪೇಶಂಟನ್ನ ತಗೊಳ್ಳೋಕೆ ಹೇಳು" ಎಂದು, ಪಕ್ಕದ ಡ್ರೆಸಿಂಗ್ ಕೋಣೆಯ ಬಾಗಿಲು ತೆರೆದರು. "ಬನ್ನಿ."

ಒಳಗೆ ಹತ್ತಿ, ಕತ್ತರಿ, ಸ್ಪಿರಿಟ್ಟಿನ ವಾಸನೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಡಾಕ್ಟರು ಸ್ಟೂಲು ಎಳೆದುಕೊಂಡರು.

"ಗಂಟು ಅಲ್ಲ ಅಮ್ಮ. ಕ್ಯಾನ್ಸರ್."

"ಅಂದ್ಕೊಂಡಿದ್ದೆ. ಮುಂದೆ ಹೇಳಿ."

"ಧ್ವನಿಪೆಟ್ಟಿಗೆಯಲ್ಲಿದೆ. ಅದನ್ನ ಪೂರ್ತಿ ತೆಗೀಬೇಕು. ಇಲ್ಲಿ," ಅವರು ತಮ್ಮದೇ ಕುತ್ತಿಗೆಯ ಬುಡದಲ್ಲಿ ಬೆರಳಿಟ್ಟರು, "ಒಂದು ರಂಧ್ರ ಇರುತ್ತೆ. ಉಸಿರಾಟ ಇನ್ನು ಅಲ್ಲಿಂದಲೇ, ಕೊನೇವರೆಗೂ. ಈಗಿರೋ ದನಿ ವಾಪಸ್ ಬರಲ್ಲ. ಗಾಯ ಮಾಗಿದ ಮೇಲೆ ಒಂದು ಸಣ್ಣ ಕವಾಟ ಹಾಕಿ ಬೇರೆ ಥರ ಮಾತಾಡೋದನ್ನ ಕಲಿಸ್ತಾರೆ. ಹೆಚ್ಚಿನವರು ಕಲೀತಾರೆ. ಎಲ್ಲರೂ ಅಂತ ಹೇಳಲಾರೆ."

"ತೆಗೀದೆ ಇದ್ರೆ?"

"ಕಿರಣ ಕೊಟ್ಟು ನೋಡಬಹುದು. ಆದ್ರೆ ನಿಮ್ಮದು ಮೃದು ಎಲುಬನ್ನ ಕೊರೆದು ಹೊರಗೆ ಬಂದಿದೆ. ಕಿರಣಕ್ಕೆ ಪೂರ್ತಿ ಸಾಯೋದು ಕಷ್ಟ. ಆಮೇಲೆ ಹೆಂಗೂ ಕೊಯ್ಯಬೇಕಾಗಬಹುದು, ಆಗ ಇನ್ನೂ ಕಷ್ಟ. ನನ್ನಮ್ಮ ಆಗಿದ್ರೂ ಇದನ್ನೇ ಹೇಳ್ತಿದ್ದೆ."

"ನಿಮ್ಮಮ್ಮನಿಗೆ ಹೇಳ್ತಿದ್ರಿ, ಅಲ್ವಾ?"

ಅವರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ನರೆತ ಕೂದಲು ಬೆವರಿಗೆ ಅಂಟಿತ್ತು. "ತಪ್ಪಾಯ್ತು" ಎಂದರು.

ಬ್ರೇಕಮ್ಮ ಅತ್ತದ್ದು ಆಗ. ದನಿಯಿಲ್ಲದೆ, ಬಾಯಿ ತೆರೆದು, ಭುಜ ಕುಣಿಯುವಂತೆ ಅತ್ತಳು. ಅವರು ಎದ್ದು ಹೋಗಲಿಲ್ಲ. ಅಳು ನಿಂತ ಮೇಲೆ ಅವಳೆಂದಳು: "ಮಾಡಿಸ್ಕೋತೀನಿ. ಇವತ್ತಲ್ಲ. ನನಗೆ ಸ್ವಲ್ಪ ದಿನ ಬೇಕು."

"ಜಾಸ್ತಿ ಕೊಡೋಕಾಗಲ್ಲ. ಸೋಮವಾರ."

"ಆಗಲಿ."

ವಾರ್ಡಿಗೆ ಹಿಂತಿರುಗಿದವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ತಂಗಿ ಹಾಲು ತಂದರೆ ಮುಟ್ಟಲಿಲ್ಲ. "ಅಕ್ಕ" ಎಂದರೆ ಓಗೊಡಲಿಲ್ಲ. ಪಾದ ಒತ್ತಲು ಬಂದರೆ ಕಾಲು ಎಳೆದುಕೊಂಡಳು. ಆ ದಿನವೆಲ್ಲ ಹೀಗೇ ಕಳೆಯಿತು, ಮರುದಿನ ಮಧ್ಯಾಹ್ನದವರೆಗೂ. ಕಡೆಗೆ ಪಕ್ಕದ ಮಂಚದ ಅಜ್ಜಿಗೇ ತಡೆಯಲಾಗಲಿಲ್ಲ.

"ಅಲ್ಲ ಕಣವ್ವ, ಇರೋದೇ ನಾಕು ದಿನದ ಮಾತು. ಅದ್ರಲ್ಲೂ ಮೌನ ಹಿಡಿದು ಕೂತಿದ್ದೀಯಲ್ಲ, ನಿನ್ನಂಥ ಜಾಣೆ ಇನ್ಯಾರಿದ್ದಾರೆ?"

ಬ್ರೇಕಮ್ಮ ತಿರುಗಿ ನೋಡಿದಳು. ತಂಗಿ ಮಂಚದ ಕಾಲ ಬಳಿಯ ಸ್ಟೂಲಿನಲ್ಲಿ ಮುದುಡಿ ಕೂತಿದ್ದಳು. ನಿನ್ನೆಯ ಸೀರೆಯೇ. ಜಡೆ ಬಿಚ್ಚಿಹೋಗಿತ್ತು.

"ಬೈಯಾದ್ರೂ ಬೈಯಕ್ಕ" ಎಂದಳು ತಂಗಿ. "ಸುಮ್ನಿರಬೇಡ."

"ಯಾಕೆ ಮಾಡಿದೆ ಹಂಗೆ?"

"ಅಮ್ಮನಿಗೆ ನೀನು ಹೇಳಿದ್ದೆ. ನೆನಪಿದೆಯಾ? ಎಲ್ಲ ಬಿಡಿಸಿ ಹೇಳಿದ್ದೆ. ಅಮ್ಮ ಅವತ್ತೇ ತಟ್ಟೆ ಸರಿಸಿದ್ದು, ಮತ್ತೆ ಊಟ ಮಾಡಲಿಲ್ಲ. ಕಾಯಿಲೆ ಕೊಲ್ಲೋದಕ್ಕೆ ಮೊದಲೇ ಹೋದಳು. ನೀನೂ ತಟ್ಟೆ ಸರಿಸ್ತೀಯೇನೋ ಅಂತ... ಡಾಕ್ಟ್ರು ಹೇಳಿದಾಗ್ಲೆಲ್ಲ ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂದ್ಕೊಂಡೆ. ಬಾಯೇ ಬರಲಿಲ್ಲ."

ಬ್ರೇಕಮ್ಮ ಎದ್ದು ಕೂತಳು. ಅಮ್ಮ ತಟ್ಟೆ ಸರಿಸಿದ್ದು ಅವಳಿಗೂ ಮರೆತಿರಲಿಲ್ಲ. ಆದರೆ ತಂಗಿ ಅದನ್ನು ಇಷ್ಟು ವರ್ಷ ಹೀಗೆ ಎದೆಯಲ್ಲಿ ಇಟ್ಟುಕೊಂಡಿದ್ದಾಳೆಂದು ಗೊತ್ತಿರಲಿಲ್ಲ.

"ನಾನು ಅಮ್ಮ ಅಲ್ಲ" ಎಂದಳು. "ಆ ಹಾಲು ಕೊಡು ಇಲ್ಲಿ. ಆರಿಹೋಗಿದ್ರೂ ಪರವಾಗಿಲ್ಲ."

ಹಾಲು ಕುಡಿದು ಬೈಯಲು ಶುರು ಮಾಡಿದಳು. ಆಸ್ಪತ್ರೆಯ ಸುಳ್ಳಿನಿಂದ ಹಿಡಿದು ಹಿಂದಕ್ಕೆ ಹೋದಳು: ತನ್ನ ರೇಷ್ಮೆ ಸೀರೆ ಇಸ್ತ್ರಿಯಲ್ಲಿ ಸುಟ್ಟು ಇಲಿ ಕಡಿದಿದೆ ಎಂದದ್ದು, ಕಾರು ಕಲಿಸುತ್ತೇನೆ ಬಾರೇ ಎಂದರೆ ಪ್ರತಿ ಭಾನುವಾರ ತಲೆನೋವು ತಂದುಕೊಂಡದ್ದು, ಚಿಕ್ಕವಳಿದ್ದಾಗ ಸಕ್ಕರೆ ಕದ್ದು ಅಕ್ಕನ ಹೆಸರು ಹೇಳಿದ್ದು. ದನಿ ಕರಕರದಿಂದ ಪಿಸುಮಾತಿಗೆ ಇಳಿದರೂ ನಿಲ್ಲಿಸಲಿಲ್ಲ. ತಂಗಿ ಮೊದಲು ಅತ್ತಳು, ಸಕ್ಕರೆಯ ಹೊತ್ತಿಗೆ ನಗುತ್ತಿದ್ದಳು. ಅಜ್ಜಿ ನಡುನಡುವೆ, "ಅಯ್ಯೋ, ಅಂಥವಳಾ ಇವಳು?" ಎಂದು ಒಗ್ಗರಣೆ ಹಾಕುತ್ತಿದ್ದಳು. ಉಳಿದ ದಿನಗಳು ಬೇಕಾದ್ದು ಬೇಡವಾದ್ದು ಮಾತಾಡುತ್ತಲೇ ಕಳೆದವು.

ಸೋಮವಾರ ಅವಳು ತಾನೇ ಸ್ಟ್ರೆಚರ್ ಹತ್ತಿದಳು. ಲಿಫ್ಟಿನ ಬಾಗಿಲು ಮುಚ್ಚುವ ಮುಂಚೆ ತಂಗಿಗೆ ಏನೋ ಹೇಳಬೇಕೆಂದುಕೊಂಡವಳು, "ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದಷ್ಟೇ ಹೇಳಿದಳು. ಆ ದನಿಯ ಕೊನೆಯ ಮಾತು ಅದೇ ಆಯಿತು.

ಆಮೇಲಿನ ದಿನಗಳು ಕಠಿಣವಾಗಿದ್ದವು. ಎಚ್ಚರವಾದಾಗಲೆಲ್ಲ ಕುತ್ತಿಗೆಯಲ್ಲಿ ಉರಿ, ಮೂಗಿನಲ್ಲಿ ಕೊಳವೆ. ಬಾಯಿ ತೆರೆದರೆ ಬರಿ ಗಾಳಿ, ಅದೂ ಬಾಯಿಂದಲ್ಲ. ಗೊತ್ತಿದ್ದೂ ಒಮ್ಮೊಮ್ಮೆ ಮರೆತು ನರ್ಸನ್ನು ಕೂಗಲು ಹೋಗಿ, ಏನೂ ಹೊರಡದೆ, ಸ್ಲೇಟಿಗೆ ಕೈ ಚಾಚುತ್ತಿದ್ದಳು.

ಕತ್ತರಿಸಿ ತೆಗೆದದ್ದರ ಪರೀಕ್ಷೆಯ ಫಲ ಬರುವುದಿತ್ತು. ಅಂಚಿನಲ್ಲಿ ಏನಾದರೂ ಉಳಿದಿದ್ದರೆ ಮತ್ತೊಂದು ಸುತ್ತು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಅವಳಿಗೇ ಹೇಳಿದ್ದರು. ಒಂದು ಮಧ್ಯಾಹ್ನ ಅವರು ಒಬ್ಬರೇ ಬಂದರು. ಅವರ ಕಣ್ಣು ಅಭ್ಯಾಸಬಲದಿಂದ ತಂಗಿಯ ಕಡೆ ಹೊರಳಿತು. ತಂಗಿ ಕೂಡಲೇ ಎದ್ದಳು.

"ನಾನು ಹೊರಗಿರ್ತೀನಿ ಸಾರ್" ಎಂದು, ಅವರು ತಡೆಯುವ ಮುಂಚೆ ಹೊರಟೇಹೋದಳು.

ಕಾರಿಡಾರಿನಲ್ಲಿ ಅವಳು ಕಿಟಕಿಯ ಸರಳು ಹಿಡಿದು ನಿಂತಳು. ಒಳಗಿನ ಮಾತು ಕೇಳದಷ್ಟು ದೂರ. ಕೇಳಬಾರದೆಂದೇ ಅಷ್ಟು ದೂರ. ಡಾಕ್ಟರು ಹೊರಬಂದು ಅವಳ ಕಡೆ ತಲೆಯಾಡಿಸಿ ಹೋದರು. ಅದರಿಂದ ಏನೂ ತಿಳಿಯಲಿಲ್ಲ.

ಆಮೇಲೆ ಬಾಗಿಲಲ್ಲಿ ಅಕ್ಕ ಕಾಣಿಸಿಕೊಂಡಳು. ಒಂದು ಕೈಯಲ್ಲಿ ಗ್ಲೂಕೋಸ್ ಸ್ಟ್ಯಾಂಡು ತಳ್ಳುತ್ತ, ಇನ್ನೊಂದರಲ್ಲಿ ಗೋಡೆ ಹಿಡಿದು, ಒಂದೊಂದೇ ಹೆಜ್ಜೆ. ಕೆನ್ನೆಯೆಲ್ಲ ಒದ್ದೆ. ಅದನ್ನು ನೋಡಿ ತಂಗಿ ಕಿಟಕಿಯ ಕೆಳಗೇ ಕುಕ್ಕರಿಸಿದಳು.

ಬ್ರೇಕಮ್ಮ ಜೋರಾಗಿ ತಲೆಯಲ್ಲಾಡಿಸಿದಳು, ಹಾಗಲ್ಲ, ಹಾಗಲ್ಲ ಎಂದು. ಹತ್ತಿರ ಬಂದು, ಸ್ಟ್ಯಾಂಡಿಗೆ ಒರಗಿ ಕಷ್ಟಪಟ್ಟು ಬಾಗಿ, ತಂಗಿಯ ಗದ್ದ ಹಿಡಿದು ಮುಖ ಮೇಲೆತ್ತಿದಳು. ಒಂದು ಬೆರಳನ್ನು ತನ್ನ ಕುತ್ತಿಗೆಯ ಪಟ್ಟಿಯ ಸುತ್ತ ನಿಧಾನವಾಗಿ ಎಳೆದಳು, ಆ ತುದಿಯಿಂದ ಈ ತುದಿಗೆ. ಆಮೇಲೆ ಅಂಗೈ ಬಿಚ್ಚಿ ತೋರಿಸಿದಳು. ಖಾಲಿ. ಏನೂ ಉಳಿದಿಲ್ಲ.

"ಏನೂ ಇಲ್ವಾ?" ತಂಗಿ ಆ ಅಂಗೈ ಹಿಡಿದುಕೊಂಡಳು. "ನಿಜ ಹೇಳ್ತಿದ್ದೀಯಾ? ನನಗೋಸ್ಕರ ಅಂತ ಮುಚ್ಚಿಡ್ತಿಲ್ಲ ತಾನೇ?"

ಬ್ರೇಕಮ್ಮ ಅವಳ ತಲೆಯ ಮೇಲೆ ಒಂದು ಮೊಟಕಿದಳು.