ಏಡಿಗಳ ನಿದ್ದೆಗೆ ಮಂಜೂರಾದ ಹಣ

ಕೈಪಿಡಿ ಬರೆಯುವವರಿಗೆ ಈ ಲೋಕದಲ್ಲಿ ಮರ್ಯಾದೆ ಕಡಿಮೆ. ಓದುವವರಿಲ್ಲ, ಓದಿದವರು ಒಪ್ಪುವುದಿಲ್ಲ. ಹಾಗಿದ್ದೂ ಕಲ್ಲಿಕೋಟೆಯ ನಮ್ಮ ಕಡಲ ಸಂಶೋಧನಾ ಸಂಸ್ಥೆ ಆರು ತಿಂಗಳ ಗುತ್ತಿಗೆಯ ಮೇಲೆ ನನ್ನನ್ನು ಕರೆಸಿ, ಯೋಜನೆಗಳ ಖರ್ಚಿನ ವರದಿ ಕೊಡುವ ತಂತ್ರಾಂಶಕ್ಕೆ ಕೈಪಿಡಿ ಬರೆ ಎಂದಿತು. ಆ ತಂತ್ರಾಂಶ ಕಟ್ಟಿದ ಷಿಬಿನ್‌ಲಾಲ್‌ಗೆ ಇದು ಅವಮಾನವಾಗಿ ಕಂಡಿತು. ನೋಡಿದರೆ ತಾನೇ ಅರ್ಥವಾಗುತ್ತದೆ ಎಂಬುದು ಅವನ ವಾದ. ಎಂಟು ವರ್ಷದಿಂದ ಎಲ್ಲರೂ ಅದನ್ನು ನೋಡುತ್ತಲೇ ಇದ್ದರು, ಅರ್ಥವಾಗಿದ್ದು ಅವನೊಬ್ಬನಿಗೆ.

ಕೈಪಿಡಿಗೆ ಪರದೆಯ ಚಿತ್ರಗಳು ಬೇಕು. ಅಭ್ಯಾಸಕ್ಕೆ ತಂತ್ರಾಂಶದ ಬೇರೊಂದು ಪ್ರತಿ ಮಾಡಿಕೊಡು ಎಂದರೆ ಷಿಬಿನ್‌ಲಾಲ್ ಮೂರು ವಾರ ನಾಳೆ, ನಾಳೆ ಅಂದ. ಕೊನೆಗೆ ರೋಸಿಹೋಗಿ ಅಸಲಿ ತಂತ್ರಾಂಶದಲ್ಲೇ ಒಂದು ಸುಳ್ಳು ಯೋಜನೆ ಸೃಷ್ಟಿಸಿದೆ. ಹೆಸರು ‘ಏಡಿಗಳ ನಿದ್ದೆಯ ಅಧ್ಯಯನ’. ಮುಖ್ಯ ವಿಜ್ಞಾನಿ ಡಾ. ದೇವಯಾನಿ, ಅಂದರೆ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನಮ್ಮ. ದೋಣಿ, ನೀರಲ್ಲಿ ಮುಳುಗುವ ಆಳು, ಮಂಜುಗಡ್ಡೆ ಎಲ್ಲಕ್ಕೂ ಮನಸ್ಸಿಗೆ ತೋಚಿದ ಮೊತ್ತ ತುಂಬಿದೆ. ಚಿತ್ರ ತೆಗೆದ ಮೇಲೆ ಅಳಿಸಲು ಹೋದರೆ ಅಳಿಸುವ ಗುಂಡಿಯೇ ಇರಲಿಲ್ಲ. ಸರಕಾರದ ದಾಖಲೆ ಯಾರಾದರೂ ಅಳಿಸುತ್ತಾರಾ ಎಂದು ಷಿಬಿನ್‌ಲಾಲ್ ನನ್ನನ್ನೇ ಗದರಿದ. ಯಾರು ನೋಡುತ್ತಾರೆ ಬಿಡು ಎಂದು ನಾನೂ ಸುಮ್ಮನಾದೆ.

ದೆಹಲಿಯವರು ನೋಡಿದರು. ಸೋಮವಾರ ಬಂದ ಪರಿಶೀಲನಾ ಸಮಿತಿ ಖರ್ಚಿನ ವರದಿಯನ್ನು ಅಚ್ಚು ಹಾಕಿಸಿಕೊಂಡಿತು. ಹನ್ನೊಂದು ಯೋಜನೆಗಳ ಸಾಲು ಕೆಂಪು, ಅಂದರೆ ಲೆಕ್ಕ ಸರಿಯಿಲ್ಲ; ಒಂದೇ ಒಂದು ಹಸಿರು. ಏಡಿಗಳು ನಿದ್ದೆಯಲ್ಲೇ ಸಂಸ್ಥೆಯ ಮಾನ ಕಾಪಾಡಿದ್ದವು. ಡಾ. ದೇವಯಾನಿ ಎಲ್ಲಿ ಎಂದು ಸಮಿತಿ ಕೇಳಿತು. ಗೊತ್ತಿಲ್ಲ ಎಂದು ಜನ್ಮದಲ್ಲಿ ಹೇಳಿ ಅಭ್ಯಾಸವಿಲ್ಲದ ನಮ್ಮ ನಿರ್ದೇಶಕ ವೇಲಾಯುಧನ್ ಸರ್, ಕಡಲಿಗೆ ಹೋಗಿದ್ದಾರೆ ಎಂದುಬಿಟ್ಟರು. ಸಮಿತಿಯ ಬಳಿ ಮುಂದಿನ ವರ್ಷಕ್ಕೆ ಹಣವಿದ್ದದ್ದು ಒಂದೇ ಯೋಜನೆಗೆ. ಅದು ಏಡಿಗಳಿಗೆ ಎಂದಾಯಿತು. ಮೊದಲು ಆ ಹಣಕ್ಕೆ ಸರದಿಯಲ್ಲಿದ್ದ ಜಮೀಲ ಮೇಡಂ ಅವರ ಕಲ್ಲುಮ್ಮಕ್ಕಾಯಿ ಯೋಜನೆ ನಿಲ್ಲಬೇಕಾಯಿತು. ಗುರುವಾರ ಸಹಿ.

ಬಂಡೆಗೆ ಕಚ್ಚಿಕೊಂಡು ಬೆಳೆಯುವ ಆ ಚಿಪ್ಪು ನಮ್ಮ ತೀರದಲ್ಲಿ ಯಾಕೆ ಕಡಿಮೆಯಾಗುತ್ತಿದೆ ಎಂದು ಜಮೀಲ ಮೇಡಂ ನಾಲ್ಕು ವರ್ಷದಿಂದ ಬಂಡೆ ಬಂಡೆ ಎಣಿಸುತ್ತಿದ್ದರು. ಐದನೇ ವರ್ಷದ ಎಣಿಕೆ ಇಲ್ಲದಿದ್ದರೆ ಹಿಂದಿನ ನಾಲ್ಕೂ ದಂಡ. ಅವರು ಕೂಗಾಡಲಿಲ್ಲ. ಕ್ಯಾಂಟೀನಿನಲ್ಲಿ ಚಹಾ ಮುಂದಿಟ್ಟುಕೊಂಡು ಕುಡಿಯದೆ ಕೂತಿದ್ದರು. ಎದುರಿನ ಮೇಜಿನಲ್ಲಿ ನಾನು ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ತಟ್ಟೆಯಲ್ಲೇ ಬಿಟ್ಟೆ. ಬಾಯಿ ಬಿಟ್ಟರೆ ನನ್ನ ಗುತ್ತಿಗೆ ಹೋಗುತ್ತದೆ. ಸೋಮವಾರ ಹೇಳಲಿಲ್ಲ, ಮಂಗಳವಾರವೂ ಹೇಳಲಿಲ್ಲ. ನನ್ನ ಮುಖ ಕನ್ನಡಿಯಲ್ಲಿ ನೋಡಿಕೊಳ್ಳಲು ನನಗೇ ನಾಚಿಕೆಯಾಯಿತು.

ಬುಧವಾರ ತಡೆಯಲಾಗದೆ ಅವರ ಯೋಜನೆಯ ಲೆಕ್ಕ ತೆರೆದೆ. ದೋಣಿ ಬಾಡಿಗೆಯೆಲ್ಲ ‘ಇತರೆ’ ಕಾಲಂನಲ್ಲಿ ಕೂತಿತ್ತು. ಒಟ್ಟು ಖರ್ಚಿನಲ್ಲಿ ‘ಇತರೆ’ ಹತ್ತನೇ ಒಂದು ಭಾಗ ದಾಟಿದರೆ ಸಾಲು ಕೆಂಪಾಗುತ್ತದೆ. ಹನ್ನೊಂದು ಯೋಜನೆಗಳಲ್ಲೂ ಇದೇ ಕತೆ. ಆರಂಭದಲ್ಲಿ ದೋಣಿಗೆ ಕಾಲಂ ಇರಲಿಲ್ಲ, ಎಲ್ಲರೂ ‘ಇತರೆ’ಗೆ ಹಾಕುವುದೇ ರೂಢಿಯಾಯಿತು. ಆಮೇಲೆ ಷಿಬಿನ್‌ಲಾಲ್ ದೋಣಿಗೆಂದೇ ಕಾಲಂ ಸೇರಿಸಿದ, ಯಾರಿಗೂ ಹೇಳಲಿಲ್ಲ. ನೋಡಿದರೆ ತಾನೇ ಅರ್ಥವಾಗುತ್ತದಲ್ಲ! ಕಡಲ ಸಂಸ್ಥೆಯಲ್ಲಿ ದೋಣಿಯನ್ನು ದೋಣಿಯ ಕಾಲಂನಲ್ಲಿ ಬರೆದವಳು ನನ್ನಮ್ಮ ಒಬ್ಬಳೇ.

ಗುರುವಾರ ಸಭೆಯಲ್ಲಿ ಎದ್ದು ನಿಂತೆ.

“ಡಾ. ದೇವಯಾನಿ ನನ್ನಮ್ಮ ಸರ್. ಕಡಲಿಗೆ ಹೋಗಿಲ್ಲ, ಈ ಹೊತ್ತಿಗೆ ಮನೇಲಿ ಮತ್ತಿ ಮೀನು ಹೆಚ್ತಿರ್ತಾಳೆ. ಆ ಯೋಜನೆ ಇಲ್ಲವೇ ಇಲ್ಲ. ಕೈಪಿಡಿಗೋಸ್ಕರ ನಾನೇ ಕಟ್ಟಿದ್ದು.”

ವೇಲಾಯುಧನ್ ಸರ್ ಫ್ಯಾನು ನೋಡತೊಡಗಿದರು. ಯಾರಾದರೂ ಬಾಯಿ ತೆರೆಯುವ ಮೊದಲೇ ನಾನು ಜಮೀಲ ಮೇಡಂ ಅವರ ಲೆಕ್ಕವನ್ನು ಪರದೆಗೆ ತಂದು, ದೋಣಿಯನ್ನು ಅದರ ಕಾಲಂಗೆ ಸರಿಸಿ ತೋರಿಸಿದೆ. ಸಾಲು ಹಸಿರಾಯಿತು. ಸಮಿತಿಯ ಹಿರಿಯ ಅಧಿಕಾರಿ ಏಡಿಗಳನ್ನು ಹೊಡೆದುಹಾಕಿ ಕಲ್ಲುಮ್ಮಕ್ಕಾಯಿ ಎಂದು ಬರೆದು ಸಹಿ ಮಾಡಿದರು, ಕೈಪಿಡಿಯ ಒಂದು ಪ್ರತಿಯನ್ನು ಕೇಳಿ ಇಸಕೊಂಡರು. ನನ್ನ ಗುತ್ತಿಗೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಉಳಿದ ಹತ್ತು ಸಾಲುಗಳನ್ನು ಹಸಿರು ಮಾಡಲು ಆಳು ಬೇಕಿತ್ತಲ್ಲ.

ಹೊರಗೆ ಜಮೀಲ ಮೇಡಂ ಕಾದಿದ್ದರು, ಸಭೆಯ ಸುದ್ದಿ ಆಗಲೇ ಅವರಿಗೆ ಮುಟ್ಟಿತ್ತು. ತಬ್ಬಿಕೊಳ್ಳುತ್ತಾರೆ ಅಂದುಕೊಂಡಿದ್ದೆ.

“ಸೋಮವಾರವೇ ಗೊತ್ತಿತ್ತಲ್ಲ ಪ್ರಸೀತ ನಿಂಗೆ? ನಾನು ಮಂಗಳವಾರ ಬೀರಾನ್ ಇಕ್ಕನಿಗೆ ಇನ್ನು ಬರಬೇಡಿ ಅಂದುಬಿಟ್ಟೆ.”

ಬೀರಾನ್ ಇಕ್ಕ, ಅಂದರೆ ಬೀರಾನ್ ಅಣ್ಣ, ಮೇಡಂಗಾಗಿ ನಾಲ್ಕು ವರ್ಷ ಕಡಲಲ್ಲಿ ಮುಳುಗಿದವರು. ನೀರಿನಡಿ ಯಾವ ಬಂಡೆ ಎಣಿಸಿದ್ದು, ಯಾವುದು ಎಣಿಸದ್ದು ಎಂದು ಬಲ್ಲವರು ಅವರೊಬ್ಬರೇ. ಅವರಿಲ್ಲದ ಐದನೇ ವರ್ಷ ಬರೀ ಕಾಗದ. ನಾವಿಬ್ಬರೂ ಮೇಡಂ ಅವರ ಸ್ಕೂಟರಿನಲ್ಲಿ ಇಕ್ಕನ ಊರು ಏಲತ್ತೂರಿಗೆ ಹೋದೆವು.

ಬೀರಾನ್ ಇಕ್ಕ ಜಗಲಿಯಲ್ಲಿ ಕೂತು ಚೀಲ ಕಟ್ಟುತ್ತಿದ್ದರು. ಬೇಪೂರಿನ ದೋಣಿಯೊಂದಕ್ಕೆ ಮಾತು ಕೊಟ್ಟಾಗಿದೆ, ಬೆಳಗ್ಗೆ ಹೊರಡಬೇಕು ಎಂದರು. ಮೇಡಂ ಕೇಳಿಕೊಂಡರು. ಅವರು ತಲೆ ಅಲ್ಲಾಡಿಸಿದರು. ತಪ್ಪು ನನ್ನದೆಂದು ನಾನು ಏಡಿಗಳ ಕತೆಯನ್ನೆಲ್ಲ ಹೇಳಿದೆ. ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದರು:

“ಆ ಯೋಜನೇಲೂ ಮುಳುಗೋನು ಒಬ್ಬ ಇದ್ದ ಅಂದ್ಯಲ್ಲ ಮಗಳೇ, ಅವನಿಗೆ ದಿನಕ್ಕೆ ಎಷ್ಟು ಬರೆದಿದ್ದೆ?”

ಸಾವಿರದ ಎಂಟುನೂರು ಎಂದೆ.

“ನಂಗೆ ಸಾವಿರದ ನೂರು. ಇಲ್ಲದೋನಿಗೆ ಅಷ್ಟು ಕೊಟ್ರೂ ನಿಮ್ಮ ಸಾಲು ಹಸಿರಾಗೇ ಇತ್ತು ಅಂತೀಯ. ಇರೋನಿಗೂ ಅಷ್ಟೇ ಕೊಡಿ, ಬರ್ತೀನಿ.”

ಜಮೀಲ ಮೇಡಂ ನನ್ನ ಕಡೆ ತಿರುಗಿದರು. ಅಷ್ಟು ಬರೆದರೆ ಕೆಂಪಾಗುತ್ತದೆಯೇ ಎಂದು ಕೇಳಿದರು. ಆಗುವುದಿಲ್ಲ, ಸಾಲು ಕೆಂಪಾಗುವುದು ‘ಇತರೆ’ಯಿಂದ, ಕೂಲಿಯಿಂದಲ್ಲ ಎಂದೆ. ಈ ನಾಲ್ಕು ವರ್ಷವೂ ಅಷ್ಟು ಕೊಡಬಹುದಿತ್ತು.